ಗಂಗು ಒನಕೆ ಹಿಡಿದದ್ದು

ಸುರಪುರದ ಆ ಓಣಿಗೆ ನಳ ಬರುವುದು ದಿನ ಬಿಟ್ಟು ದಿನ. ಬಂದರೂ ಎಷ್ಟು ಹೊತ್ತು ನಿಲ್ಲುತ್ತದೆಂದು ಯಾರೂ ಹೇಳಲಾರರು. ಅದಕ್ಕೇ ಆ ಬೆಳಿಗ್ಗೆ ಮಸರತ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕೊಡ ತುಂಬುವುದರೊಳಗೆ ಇನ್ನೊಂದನ್ನು ತಿಕ್ಕಿ ತೊಳೆಯುತ್ತ, ಯಾರ ಕಡೆಗೂ ಕಣ್ಣೆತ್ತದೆ ಕೆಲಸದಲ್ಲಿದ್ದಳು. ಕೊಡ ಅರ್ಧ ತುಂಬಿತ್ತು. ಅಷ್ಟರಲ್ಲಿ ಮಗಳು ತರನ್ನುಮ ಫೋನು ಹಿಡಿದುಕೊಂಡು ಒಳಗಿನಿಂದ ಓಡಿ ಬಂದಳು.

"ಅಮ್ಮಿ, ಭಾಗ್ಯ ಖಾಲಾ ಫೋನ್ ಹಚ್ಯಾಳ!"

ಮಸರತ ನಳ ಬಂದ್ ಮಾಡುವುದನ್ನೂ ಮರೆತಳು. ಒದ್ದೆ ಕೈಯಲ್ಲೇ ಫೋನು ಇಸಿದುಕೊಂಡಳು. ಚಿಕ್ಕಂದಿನಿಂದ ಒಂದೇ ಬೆಂಚಿನ ಮೇಲೆ ಕೂತು ಓದಿದ ಗೆಳತಿ ಭಾಗ್ಯ. ಶಹಾಪುರಕ್ಕೆ ಮದುವೆಯಾಗಿ ಹೋದ ಮೇಲೂ ವಾರಕ್ಕೊಮ್ಮೆಯಾದರೂ ಮಾತಾಡದೆ ಇದ್ದವಳಲ್ಲ. ಆದರೆ ಮಸರತಳ ಕಾದಂಬರಿ ಅಚ್ಚಾಗಿ, ಅದರ ಮೊದಲ ಪ್ರತಿ ತನ್ನ ಕೈಸೇರಿದ ಮೇಲೆ ಭಾಗ್ಯ ಮೌನವಾಗಿಬಿಟ್ಟಿದ್ದಳು. ಮಸರತಳೇ ಫೋನು ಮಾಡಿದರೂ ಎತ್ತುತ್ತಿರಲಿಲ್ಲ.

"ಭಾಗ್ಯ..."

"ಭಾಗ್ಯ ಅಲ್ಲವಾ, ನಾ ತಿಮ್ಮವ್ವ ಮಾತಾಡಾಕತ್ತೀನಿ. ಶಹಾಪುರದ ರೊಟ್ಟಿ ಕೇಂದ್ರದಾಕಿ. ಭಾಗ್ಯಾನ ಫೋನ್ ಕಸಗೊಂಡು ಹಚ್ಚೀನಿ. ಬ್ಯಾಡ ಬ್ಯಾಡ ಅಂತ ಇಲ್ಲೇ ನನ್ನ ಕೈ ಜಗ್ಗಾಕತ್ತಾಳ ನೋಡು. ಏ, ಬಿಡಲೇ! ಕೇಳವಾ, ನಿನ್ನೆ ನಿನ್ನ ಪುಸ್ತಕ ಮುಗೀತು. ಏನ್ ಬರದೀ ನನ್ನವ್ವಾ! ಕಡೀಕ ಆ ಗಂಗು ಒನಕಿ ತಗೊಂಡು ಬಾಗಿಲಾ ಒಡದು ಸರಳಾನ ಉಳಿಸಿದಳ ನೋಡು, ನಾವೆಲ್ಲಾ ಹಿಟ್ಟಿನ ಕೈಲೇ ಚಪ್ಪಾಳಿ ಹೊಡದ್ವಿ. ನೀ ಇವತ್ತ ಬರಬೇಕು. ನಿನ್ನ ಮಾರಿ ನೋಡಬೇಕು ನಾವು."

"ಒನಕಿ?" ಎಂದಳು ಮಸರತ.

"ಹೌದವಾ, ಒನಕಿ! ನೀನೇ ಬರದು ನನ್ನ ಕೇಳತೀಯಲ್ಲ!"

ಫೋನು ಕಟ್ಟಾಯಿತು. ಕೊಡ ತುಂಬಿ ನೀರು ಅಂಗಳಕ್ಕೆ ಹರಿಯುತ್ತಿತ್ತು. ಮಸರತ ನಳ ಬಂದ್ ಮಾಡಿದಳು. ಅವಳ ಪುಸ್ತಕದಲ್ಲಿ ಒನಕೆಯೇ ಇರಲಿಲ್ಲ.

ಆ ಕಾದಂಬರಿ ಒಂದೇ ಗೋಡೆಯ ಆಚೀಚೆ ಬಾಳುವ ಇಬ್ಬರು ಗೆಳತಿಯರದು. ಸರಳಾ ಹೊಸದಾಗಿ ಮದುವೆಯಾಗಿ ಬಂದವಳು. ಅವಳ ಮನೆಯಲ್ಲಿ ಇಟ್ಟ ಸಾಮಾನು ಇಟ್ಟಲ್ಲಿ ಇರುವುದಿಲ್ಲ, ಕಳೆದದ್ದು ಎಲ್ಲೋ ಸಿಗುತ್ತದೆ, ಹಾಕಿದ ಕದ ತೆರೆದಿರುತ್ತದೆ. ಯಾರೋ ತನ್ನನ್ನು ನೋಡುತ್ತಿದ್ದಾರೆಂದು ಅವಳು ನಡುಗಿದಾಗಲೆಲ್ಲ ಪಕ್ಕದ ಮನೆಯ ಗಂಗು ಬಂದು ಸಮಾಧಾನ ಹೇಳುತ್ತಾಳೆ, ನಗಿಸುತ್ತಾಳೆ, ಉಣಿಸುತ್ತಾಳೆ. ಕೊನೆಯಲ್ಲಿ ತಿಳಿಯುತ್ತದೆ: ಇದನ್ನೆಲ್ಲ ಮಾಡಿದವಳು ಗಂಗುವೇ. ಸರಳಾ ಧೈರ್ಯದಿಂದಿದ್ದರೆ ಗಂಡನ ಜೊತೆ ಊರು ಬಿಟ್ಟು ಹೋದಾಳು, ಹೆದರಿದರೆ ತನ್ನನ್ನೇ ಹಿಡಿದುಕೊಂಡಿರುತ್ತಾಳೆ ಎಂಬ ಆಸೆಗೆ. ಸಿಕ್ಕಿಬಿದ್ದಾಗ ಗಂಗು ಸರಳಾಳನ್ನು ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿ ಅಳುತ್ತ ಕೂರುತ್ತಾಳೆ. ಕಡೆಗೆ ತಾನೇ ಚಿಲಕ ತೆಗೆಯುತ್ತಾಳೆ. ಸರಳಾ ಒಂದು ಮಾತೂ ಆಡದೆ ಅವಳನ್ನು ದಾಟಿ ಹೊರಗೆ ಹೋಗುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಓಣಿಯಲ್ಲಿ ಅದನ್ನು ಓದಿದವರೆಲ್ಲ ಒಂದೊಂದು ತರಹ ಆಗಿದ್ದರು. ಎದುರು ಮನೆಯ ಅನ್ವರಬಿ ಹಿತ್ತಲ ಕದಕ್ಕೆ ಹೊಸ ಬೀಗ ತಂದು ಜಡಿದಿದ್ದಳು. ಯಾಕೆ ಎಂದು ಕೇಳಿದರೆ, "ಪುಸ್ತಕ ಬರದಾಕಿ ನೀನು, ನಮ್ಮನ್ನ ಯಾಕ ಕೇಳತೀ? ಎಂಟು ವರ್ಷ ಸಕ್ರಿ ಇಸಗೊಂಡು ಹೋದಾಕಿನೂ ಈಗ ಕಳ್ಳಿಹಂಗ ಕಾಣಾಕತ್ಯಾಳ," ಎಂದು ಮಸರತಳ ಮೇಲೇ ಹಾಯ್ದಿದ್ದಳು. ಗಂಡ ಗಯಾಸನ ಹೊಲಿಗೆ ಅಂಗಡಿಯಲ್ಲೂ ಅದೇ ಮಾತು. "ಗಿರಾಕಿಗಳು ಅಂಗಿ ಅಳತಿ ಕೊಡಾದು ಬಿಟ್ಟು, ಗಂಗು ಖರೇವಂದ್ರ ಯಾರ್ರಿ ಅಂತ ಕೇಳತಾರ. ನಾ ಏನ್ ಹೇಳ್ಲಿ?" ಎಂದು ಅವನು ನಗುತ್ತಿದ್ದ.

ಗಂಗು ಯಾರೂ ಅಲ್ಲ ಎಂದು ಮಸರತ ಎಲ್ಲರಿಗೂ ಹೇಳಿದ್ದಳು. ಆದರೆ ಗಂಗುವಿಗೆ ಕೊಟ್ಟ ನಗು ಭಾಗ್ಯಳದು. ಬಾಗಿಲು ಬಡಿಯುವ ಮೊದಲೇ ಕರೆಯುತ್ತ ಒಳಗೆ ಬರುವ ರೀತಿ ಭಾಗ್ಯಳದು. ಅನ್ನದ ಮೇಲೆ ತುಪ್ಪ ಹಾಕಿ "ಹೊಟ್ಟಿ ತುಂಬಿದ್ರ ಅಂಜಿಕಿ ಅರ್ಧ" ಎನ್ನುವ ಮಾತೂ ಭಾಗ್ಯಳದೇ. ಓದಿದ ಭಾಗ್ಯ ತನ್ನನ್ನು ಗುರುತಿಸಿಕೊಂಡಿದ್ದಾಳೆ, ಮನಸ್ಸು ಮುರಿದುಕೊಂಡಿದ್ದಾಳೆ ಎಂಬುದು ಮಸರತಳಿಗೆ ಯಾರೂ ಹೇಳದೆಯೇ ಗೊತ್ತಿತ್ತು. ಓಣಿಯವರು ಎಷ್ಟು ಹೊಗಳಿದರೂ ಆ ಒಂದು ಮೌನದ ಮುಂದೆ ಎಲ್ಲ ಸಪ್ಪೆ.

"ಹೋಗಿ ಬಾ," ಎಂದ ಗಯಾಸ. "ಫೋನಿನಾಗ ಮುಗಿಯೋದಲ್ಲ ಅದು."

ಮಸರತ ಅಡುಗೆ ಮುಗಿಸಿ, ಮಗಳ ತಲೆ ಬಾಚಿ, ಸುರಪುರದ ಬಸ್ ನಿಲ್ದಾಣಕ್ಕೆ ಬಂದು ಶಹಾಪುರದ ಬಸ್ಸು ಹತ್ತಿದಳು. ರವಿವಾರ, ತರನ್ನುಮಳಿಗೆ ಶಾಲೆ ಇರಲಿಲ್ಲ. ಮೂರನೆಯ ತರಗತಿಯ ಹುಡುಗಿ, ಅಮ್ಮನ ಪುಸ್ತಕವನ್ನು ಕದ್ದು ಓದಿ ಮುಗಿಸಿದ್ದಳು. ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಏನೋ ಕೇಳಬೇಕೆಂದು ಬಾಯಿ ತೆರೆಯುತ್ತಿದ್ದಳು.

"ಅಮ್ಮಿ, ಆ ಗಂಗು ಅದಾಳಲ್ಲ..."

"ಈಗ ಬ್ಯಾಡ ಬೇಟಾ. ಮನಿಗೆ ಬಂದ ಮ್ಯಾಲ ಕೇಳು, ಎಲ್ಲಾ ಹೇಳತೀನಿ." ಮಸರತ ಮಗಳ ಕೆನ್ನೆ ಸವರಿದಳು. ಗಂಗು ಅಂದ್ರ ಭಾಗ್ಯ ಖಾಲಾನಾ ಎಂದು ಕೇಳಿಬಿಟ್ಟರೆ, ಅದೂ ಭಾಗ್ಯಳ ಎದುರಿಗೇ ಕೇಳಿಬಿಟ್ಟರೆ ಎಂದು ಅವಳಿಗೆ ಭಯವಿತ್ತು.

ರೊಟ್ಟಿ ಕೇಂದ್ರವೆಂದರೆ ತಗಡಿನ ಸೂರಿನ ಒಂದು ಉದ್ದನೆಯ ಕೋಣೆ. ಒಲೆಗಳ ಸಾಲು, ಪ್ರತಿ ಒಲೆಯ ಮುಂದೆ ಒಬ್ಬ ಹೆಂಗಸು, ಗೋಡೆಗೆ ಒರಗಿಸಿಟ್ಟ ಖಡಕ್ ರೊಟ್ಟಿಯ ಅಟ್ಟಿಗಳು. ಅಲ್ಲಿ ಒಂದು ಪದ್ಧತಿ ಇತ್ತು. ಬಡಿಯುವ ಬೇಸರ ಕಳೆಯಲು ಭಾಗ್ಯ ಏನಾದರೂ ಗಟ್ಟಿಯಾಗಿ ಓದಬೇಕು, ಅವಳ ಪಾಲಿನ ರೊಟ್ಟಿಯನ್ನು ಉಳಿದವರು ಬಡಿದುಕೊಡಬೇಕು. ಹಿಟ್ಟಿನ ಕೈಯವರು ಪುಸ್ತಕ ಮುಟ್ಟುವಂತಿಲ್ಲ. ಮುಟ್ಟಿದರೂ ಬಹಳ ಜನರಿಗೆ ಅಕ್ಷರ ಬರುವುದಿಲ್ಲ. ಹೀಗಾಗಿ ಭಾಗ್ಯಳ ಬಾಯಿಯಿಂದ ಬಂದದ್ದೇ ಪುಸ್ತಕ.

ಮಸರತ ಹೊಸ್ತಿಲು ದಾಟುವುದೇ ತಡ, ಎಲ್ಲರೂ ಎದ್ದು ಬಂದು ಮುತ್ತಿಕೊಂಡರು. ತಿಮ್ಮವ್ವ ಎಲ್ಲರಿಗಿಂತ ಹಿರಿಯಳು. ಮಸರತಳ ಎರಡೂ ಕೆನ್ನೆ ಹಿಡಿದು ಹಿಟ್ಟು ಮೆತ್ತಿದಳು.

"ಇಷ್ಟ ಸಣ್ಣ ಹುಡುಗಿ ಏನವಾ ನೀನು! ನಾ ಯಾವುದೋ ಚಷ್ಮಾ ಹಾಕ್ಕೊಂಡ ಮುದುಕಿ ಅಂತ ತಿಳಕೊಂಡಿದ್ದೆ."

"ನಿನ್ನ ಪುಸ್ತಕದ ದೆಸಿಯಿಂದ ಎಷ್ಟ ರೊಟ್ಟಿ ಸೀದಾವ ಗೊತ್ತೈತೇನು?" ಎಂದಳು ಪಕ್ಕದ ಒಲೆಯ ಲಾಲಮ್ಮ. "ಸರಳಾ ಅಟ್ಟಕ್ಕ ಹತ್ತಿದ ದಿನ ನಮ್ಮ ಹಂಚಿನ ಮ್ಯಾಲಿನ್ವು ಎಲ್ಲಾ ಕರ್ರಗ. ಖಾನಾವಳಿ ಮಾಲಕ ಬಂದು, ಇದೇನ್ರವಾ ಇದ್ದಲಿ ಮಾರಾಕತ್ತೀರೇನು ಅಂದ."

ಕೋಣೆ ತುಂಬ ನಗು. ಒನಕೆಯ ಮಾತು ಮತ್ತೆ ಬಂತು. ಗಂಗು ಹೇಗೆ ಸೀರೆ ಕಚ್ಚೆ ಕಟ್ಟಿದಳು, ಹೇಗೆ ಒಂದೇ ಏಟಿಗೆ ಕದ ಸೀಳಿದಳು, ಚಿಲಕ ಹಾಕಿದ ಆ ದುಷ್ಟ ಮೈದುನ ಹೇಗೆ ಓಡಿಹೋದ ಎಂದು ಒಬ್ಬೊಬ್ಬರು ಒಂದೊಂದನ್ನು ನೆನೆದರು. ಸರಳಾಗೆ ಮೈದುನನೇ ಇರಲಿಲ್ಲ. ಮಸರತ ಎಲ್ಲವನ್ನೂ ಕೇಳುತ್ತ, ಗೋಡೆಯ ಮೂಲೆಯಲ್ಲಿ ಬೆನ್ನು ಮಾಡಿ ಪರಾತದಲ್ಲಿ ಹಿಟ್ಟು ನಾದುತ್ತಿದ್ದ ಭಾಗ್ಯಳನ್ನೇ ನೋಡುತ್ತಿದ್ದಳು. ಭಾಗ್ಯ ತಿರುಗಲಿಲ್ಲ.

ಮಸರತಳಿಗೆ ಅರ್ಥವಾಯಿತು: ಕೊನೆಯನ್ನು ಭಾಗ್ಯಳೇ ಬದಲಿಸಿ ಹೇಳಿದ್ದಾಳೆ. ಹೌದು ಎಂದು ತಲೆಯಾಡಿಸಿ, ಚಹಾ ಕುಡಿದು, ಈ ಪ್ರೀತಿಯನ್ನೆಲ್ಲ ಉಡಿಯಲ್ಲಿ ಕಟ್ಟಿಕೊಂಡು ಹೋಗಬಹುದು. ಆದರೆ ಇವರು ಚಪ್ಪಾಳೆ ಹೊಡೆದದ್ದು ತಾನು ಬರೆದದ್ದಕ್ಕಲ್ಲ. ನಿಜ ಹೇಳಿದರೆ ಭಾಗ್ಯ ಇವರೆಲ್ಲರ ಮುಂದೆ ಸುಳ್ಳಿಯಾಗುತ್ತಾಳೆ. ಪುಸ್ತಕ ದೊಡ್ಡದೋ ಗೆಳತಿ ದೊಡ್ಡವಳೋ ಎಂದರೆ ಅದಕ್ಕೆ ಉತ್ತರ ಹುಡುಕಬೇಕಾಗಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಳು.

ಆಗಲೇ ರೊಟ್ಟಿ ಒಯ್ಯಲು ಊರ ಶಾಲೆಯ ಶಾಂಭವಿ ಟೀಚರ್ ಬಂದಳು. ಮಸರತ ಯಾರೆಂದು ತಿಳಿದದ್ದೇ, ಕೈಚೀಲ ಅಲ್ಲೇ ಇಟ್ಟಳು.

"ನೀವೇ ಏನ್ರಿ? ಅಯ್ಯ, ನಿಮ್ಮ ಜೋಡಿ ಜಗಳಾ ಮಾಡಬೇಕಂತ ಕಾಯಾಕತ್ತೀನಿ! ನಮ್ಮ ಬಾಜೂಮನಿ ಅಕ್ಕ ಹೋಳಿಗಿ ತಂದುಕೊಟ್ರ, ತಿನ್ನಲೋ ಬ್ಯಾಡೋ ಅಂತ ಕುಂತೀನ್ರಿ. ಅಂಥಾ ಗಂಗುನ್ನ ಕಡೀಕ ಕಳ್ಳಿ ಮಾಡಿಬಿಟ್ಟಿರಲ್ಲ!"

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಯಾರ್ರಿ ಟೀಚರ್ ಕಳ್ಳಿ?" ಎಂದಳು ತಿಮ್ಮವ್ವ. "ಗಂಗು ಒನಕಿ ತಗೊಂಡು..."

"ಯಾವ ಒನಕಿ ತಿಮ್ಮವ್ವ? ಚಿಲಕಾ ಹಾಕಿದಾಕಿನೇ ಗಂಗು!"

ತಿಮ್ಮವ್ವ ಟೀಚರಮ್ಮನನ್ನು ನೋಡಿದಳು, ಮಸರತಳನ್ನು ನೋಡಿದಳು, ಕಡೆಗೆ ಮೂಲೆಯ ಕಡೆ ತಿರುಗಿದಳು. "ಏ ಭಾಗ್ಯಾ. ಇತ್ಲಾಗ ಮಾರಿ ಮಾಡು."

ಭಾಗ್ಯ ಕೈ ತೊಳೆದುಕೊಂಡಳು. ನಿಧಾನಕ್ಕೆ ಒರೆಸಿಕೊಂಡಳು. ಗೋಡೆಯ ಗೂಡಿನಿಂದ ಪುಸ್ತಕ ತೆಗೆದು ತಂದು ಮಸರತಳ ಕೈಯಲ್ಲಿಟ್ಟಳು.

"ಕಡೀ ಪಾಠ ನಾ ಓದಲಿಲ್ಲ ತಿಮ್ಮವ್ವ. ಬಾಯಿಂದ ಕಟ್ಟಿ ಹೇಳಿದೆ. ದಿನಾ ನೀವೆಲ್ಲಾ, ಗಂಗು ನಮ್ಮ ಭಾಗ್ಯಾನಹಂಗ ಅದಾಳ, ಹಂಗೇ ನಗತಾಳ ಅಂತಿದ್ದಿರಿ. ಅದನ್ನ ಕೇಳಿದ ಮ್ಯಾಲ ಆಕಿ ಕಳ್ಳಿ ಅಂತ ಹ್ಯಾಂಗ ಓದಲಿ? ನಾಳಿಗೆ ನೀವು ನನ್ನ ಹ್ಯಾಂಗ ನೋಡತಿದ್ರಿ?" ಮಸರತಳ ಕಡೆ ನೋಡದೆಯೇ ಹೇಳಿದಳು: "ನೀನೇ ಬರದಾಕಿ. ನೀನೇ ಓದು."

ಮಸರತ ಒಲೆಗಳ ನಡುವೆ ಕೂತಳು. ಕಡೆಯ ಪಾಠ ತೆಗೆದು ಓದತೊಡಗಿದಳು. ಗಂಗು ಹೊರಗೆ ಕೂತು, "ನೀ ಹ್ವಾದ್ರ ನಾ ಯಾರ ಮನಿಗೆ ಕರೀಲಾರದೇ ಹೋಗ್ಲಿ?" ಎಂದು ಕದಕ್ಕೆ ಕೆನ್ನೆ ಒತ್ತಿ ಅಳುವಲ್ಲಿಗೆ ಬರುವ ಹೊತ್ತಿಗೆ ಹಂಚಿನ ಮೇಲೆ ರೊಟ್ಟಿ ಹೊಗೆಯಾಡುತ್ತಿತ್ತು. ಯಾರೂ ತಿರುವಿ ಹಾಕಲಿಲ್ಲ. ಚಿಲಕ ಸರಿಯಿತು. ಸರಳಾ ದಾಟಿ ಹೋದಳು. ಪುಸ್ತಕ ಮುಗಿಯಿತು.

ಚಪ್ಪಾಳೆ ಬೀಳಲಿಲ್ಲ. ಲಾಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಆಕಿಗೆ ಬೈಬೇಕಂತ ಕುಂತಿದ್ದೆ," ಎಂದಳು. "ಬೈಯಾಕ ಬಾಯೇ ಬರವಲ್ದು. ನಮ್ಮ ತಂಗಿ ಲಗ್ನಾ ಮಾಡಿಕೊಂಡು ಹೋಗೋ ಮುಂದ ನಾನೂ ಆಕಿಗೆ ಹುಷಾರಿಲ್ಲದಂಗ ಆಗಲಿ ಅಂತ ದೇವರಿಗೆ ಬೇಡಕೊಂಡಾಕಿನೇ."

ತಿಮ್ಮವ್ವ ತನ್ನ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು. ಅವಳು ಏನನ್ನುತ್ತಾಳೋ ಎಂದು ಎಲ್ಲರೂ ಕಾದರು.

"ನಿನ್ನೆ ಚಪ್ಪಾಳಿ ಹೊಡದು, ಮನಿಗೆ ಹೋಗಿ ಉಂಡು, ಗಡದ್ದಾಗಿ ನಿದ್ದಿ ಮಾಡಿದೆ," ಎಂದಳು ಕೊನೆಗೆ. "ಇವತ್ತು ನಿದ್ದಿ ಬರಾಂಗಿಲ್ಲ. ಇದೇ ಖರೇ ಕತಿ. ಒನಕಿ ಛಲೋ ಇತ್ತು, ಆದ್ರ ಅದು ಬಯಲಾಟ. ಇದು ನಮ್ಮ ಮನಿಯಾಗಿಂದು." ನೆಲಕ್ಕೆ ಕೈಯೂರಿ ಎದ್ದು ನಿಂತಳು. "ಮೊದಲನೇ ಪಾಠದಿಂದ ಮತ್ತ ಓದಬೇಕು. ಈಗ ಗಂಗುನ ಒಳಗೇನೈತಿ ಅಂತ ಗೊತ್ತಾಗ್ಯಾದ, ಆಕಿ ಒಂದೊಂದು ಮಾತೂ ಬ್ಯಾರೇನೇ ಕೇಳಸ್ತಾವ."

"ಹೌದ್ರಿ, ಮತ್ತ ಓದ್ರಿ!" ಎಂದು ಆ ಕಡೆಯ ಒಲೆಯಿಂದ ಒಬ್ಬಳು ಕೂಗಿದಳು. ಅವಳ ಹಿಂದೆ ಎಲ್ಲರೂ ಕೂಗಿದರು. ಶಾಂಭವಿ ಟೀಚರ್ ರೊಟ್ಟಿಯ ಚೀಲ ಬದಿಗಿಟ್ಟು ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು. ಮಸರತಳ ಮೈಯೆಲ್ಲ ಬೆಚ್ಚಗಾಯಿತು. ಹೊಗಳಿಕೆ ಎಷ್ಟೋ ಕೇಳಿದ್ದಳು. ಮುಗಿದದ್ದನ್ನು ಮತ್ತೆ ಮೊದಲಿನಿಂದ ಬೇಕು ಎಂದು ಇಡೀ ಕೋಣೆ ಕೇಳಿದ್ದು ಇದೇ ಮೊದಲು.

ಆದರೂ ಅವಳು ಪುಟ ತಿರುವಲಿಲ್ಲ. ಭಾಗ್ಯಳ ಕಡೆ ತಿರುಗಿದಳು.

"ಓದಾವ್ರು ಗಂಗುನ ಜೀವಕ್ಕಿಂತ ಹೆಚ್ಚು ಪ್ರೀತಿ ಮಾಡಬೇಕಿತ್ತು ಭಾಗ್ಯಾ. ಇಲ್ಲಂದ್ರ ಕತಿ ನಿಲ್ಲತಿರಲಿಲ್ಲ. ಹಂಗ ಪ್ರೀತಿ ಹುಟ್ಟಸೋ ಹೆಂಗಸು ನನಗ ಒಬ್ಬಾಕಿನೇ ಗೊತ್ತು. ಆಕಿ ನಗು ತಗೊಂಡೆ, ನಡಿಗಿ ತಗೊಂಡೆ. ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಚಿಲಕಾ ಹಾಕಿದ್ದು ಮಾತ್ರ ನೀ ಅಲ್ಲ, ಅದು ನಾನು. ನೀ ಶಹಾಪುರಕ್ಕ ಹೋಗೋ ದಿನ ನನ್ನ ಮನಸಿನ್ಯಾಗ ಇದ್ದದ್ದು ಅದೇ."

ಭಾಗ್ಯ ಮೊದಲ ಸಲ ಅವಳ ಮುಖ ನೋಡಿದಳು. ನೋಡಿ, ಕಣ್ಣಲ್ಲಿ ನೀರು ತುಂಬಿದ್ದರೂ ನಕ್ಕಳು. ಆ ನಗು ಎಲ್ಲರಿಗೂ ಗೊತ್ತಿತ್ತು, ಪುಸ್ತಕದಲ್ಲಿ ಕೇಳಿದ್ದೇ.

"ಮೈದುನನ್ನ ತಂದದ್ದು ಛಲೋ ಇತ್ತಿಲ್ಲೋ?" ಎಂದಳು.

"ನನ್ನ ಪುಸ್ತಕದಾಗ ಮೈದುನನೇ ಇಲ್ಲಲೇ ಹುಚ್ಚಿ!"

"ಅದಕ್ಕೇ ತಂದೆ! ಯಾರರೇ ಒಬ್ಬ ಬೈಸಿಕೊಳ್ಳಾವ ಬೇಕಲ್ಲ!"

ಕೋಣೆ ನಗುವಿನಿಂದ ಬಿರಿಯಿತು. ಭಾಗ್ಯ ಮಸರತಳ ಪಕ್ಕಕ್ಕೆ ಬಂದು, ಭುಜಕ್ಕೆ ಭುಜ ತಾಗಿಸಿ ಕೂತು, ಒಂದು ಹಿಟ್ಟಿನ ಉಂಡೆ ಎತ್ತಿಕೊಂಡಳು. ಓದುವವಳ ಪಾಲಿನ ರೊಟ್ಟಿ ಬೇರೆಯವರು ಬಡಿಯಬೇಕಲ್ಲ, ಇವತ್ತು ಅದು ತನ್ನದು ಎಂದಳು. ಲಾಲಮ್ಮ ಸೀದ ರೊಟ್ಟಿಗಳನ್ನು ಬದಿಗೆ ಎಸೆದಳು. ಮಸರತ ಮೊದಲ ಪುಟ ತೆರೆದು ಗಂಟಲು ಸರಿಮಾಡಿಕೊಂಡಳು.

ಅಷ್ಟೊತ್ತೂ ಬಾಗಿಲ ಬಳಿ ನಿಂತಿದ್ದ ತರನ್ನುಮ ನಡುವೆ ನುಗ್ಗಿ ಬಂದು ಅಮ್ಮನ ಮೊಣಕೈ ಹಿಡಿದಳು. ಈ ಸಲ ಮಸರತ ತಡೆಯಲಿಲ್ಲ. "ಕೇಳು ಬೇಟಾ," ಎಂದಳು. ಹೆಂಗಸರೆಲ್ಲ ಕೈ ನಿಲ್ಲಿಸಿ ಹುಡುಗಿಯ ಕಡೆ ನೋಡಿದರು.

"ಅಮ್ಮಿ, ಮರುದಿನ ಸರಳಾ ಗಂಗುನ ಮಾತಾಡಿಸಿದಳೇನು?"