ಕುಂಟುವ ಹಸಿರು ಎಂಜಿನ್

ಇಂಗ್ಲೆಂಡಿನ ಯಾರ್ಕ್‌ಶೈರಿನ ಥಾರ್ನ್‌ಬೆಕ್ ಕಣಿವೆಯ ಹಳೆಯ ರೈಲುದಾರಿಯಲ್ಲಿ ಆ ಶನಿವಾರ ಉಗಿಬಂಡಿಗಳ ಹಬ್ಬ. ಏಳು ಎಂಜಿನ್‌ಗಳು ಸರದಿಯ ಮೇಲೆ ಓಡುತ್ತಿದ್ದವು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕ್ಯಾಮೆರಾದವರ ನೂಕುನುಗ್ಗಲು. ಹಿಲ್ಡಾಳೂ ಅದರೊಳಗೆ ತೂರಿಕೊಂಡಿದ್ದಳು. ಅವಳ ಅಕ್ಕ ವಿನಿಫ್ರೆಡ್ ಸಗ್ಡನ್ ಮಾತ್ರ ಹಿಂದಿನ ಬೆಂಚಿನಲ್ಲಿ ಕೂತು ಹಂದಿಮಾಂಸದ ಪೈ ತಿನ್ನುತ್ತಿದ್ದಳು. ಎಂಟು ವರ್ಷದ ಹಿಂದೆ ಅವಳ ಕಣ್ಣು ಪೂರ್ತಿ ಹೋಗಿತ್ತು. ತಂಗಿಯ ಕಾಟ ತಾಳಲಾರದೆ ಬಂದಿದ್ದಳು, ಅಷ್ಟೆ.

ಮೂರನೆಯ ಗಾಡಿ ಹೊರಟಾಗ ಅವಳು ಅಗಿಯುವುದನ್ನು ನಿಲ್ಲಿಸಿದಳು.

“ಹಿಲ್ಡಾ, ಈಗ ಹೋಯ್ತಲ್ಲ, ಅದು ಯಾವುದೇ?”

“ಹಸಿರು ಎಂಜಿನ್ನು. ಎಷ್ಟು ಚೆಂದ ಇದೆ ಅಂತೀಯಾ ಅಕ್ಕ.”

“ಚೆಂದ ಇರ್ಲಿ. ಕುಂಟುತ್ತೆ.”

“ಕಬ್ಬಿಣ ಎಲ್ಲಾದ್ರೂ ಕುಂಟುತ್ತಾ? ಸುಮ್ನೆ ತಿನ್ನು.”

ವಿನಿಫ್ರೆಡ್ ಸುಮ್ಮನಾಗಲಿಲ್ಲ. ಮೂವತ್ತೊಂದು ವರ್ಷ ಉಣ್ಣೆ ಗಿರಣಿಯ ಮಗ್ಗಗಳ ಗದ್ದಲದಲ್ಲಿ ನಿಂತವಳು. ಯಾವ ಮಗ್ಗ ಕೆಡಲಿದೆ ಎಂಬುದು ಮೇಸ್ತ್ರಿಗಿಂತ ಮೊದಲು ಅವಳ ಕಿವಿಗೆ ಗೊತ್ತಾಗುತ್ತಿತ್ತು. ಹಸಿರು ಎಂಜಿನ್ ಮರಳಿ ಬರುವವರೆಗೆ ಕಾದಳು. ಬಂದಾಗ ತಂಗಿಯ ತೋಳು ಹಿಡಿದು ಅದರ ಬಳಿಗೇ ನಡೆದಳು.

“ಡ್ರೈವರಪ್ಪಾ, ಚಕ್ರ ಒಂದು ಸುತ್ತು ಬರೋದ್ರಲ್ಲಿ ನಿಮ್ಮ ಎಂಜಿನ್ನು ನಾಲ್ಕು ಸಲ ಉಸಿರು ಬಿಡುತ್ತಲ್ಲ, ಅದ್ರಲ್ಲಿ ಮೂರನೇದು ಯಾಕೆ ಅಷ್ಟು ಸಣ್ಣಗೆ?”

ಬೆಂಕಿ ನೋಡಿಕೊಳ್ಳುವವನು ಕಿಸಕ್ಕನೆ ನಕ್ಕ. ಡ್ರೈವರ್ ಆಲ್ಬನ್ ಮೆಟ್ಕಾಫ್ ನಗದೆ ಅವನತ್ತ ತಿರುಗಿದ. “ಕೇಳಿದ್ಯೇನಯ್ಯಾ? ಬೇಸಿಗೆಯಿಂದ ನಾನು ಇದನ್ನೇ ಬಡ್ಕೋತಿದೀನಿ. ನಮ್ಮ ಫಿಟ್ಟರ್ ಮಹಾಶಯ, ‘ನಿನ್ನ ಕಿವಿ ತೊಳ್ಕೋ’ ಅಂತಾನೆ.” ಆಮೇಲೆ ವಿನಿಫ್ರೆಡ್‌ಳತ್ತ ಬಗ್ಗಿ, “ಹತ್ತಿ ಬನ್ನಿ ತಾಯಿ. ಹತ್ತಿರದಿಂದ ಕೇಳಿ ಹೇಳಿ,” ಎಂದ.

ಇಬ್ಬರೂ ಸೇರಿ ಅವಳನ್ನು ಎಂಜಿನ್ನಿನ ಮೇಲೆ ಹತ್ತಿಸಿದರು. ಮುಖಕ್ಕೆ ಬೆಂಕಿಯ ಝಳ, ಬೆನ್ನಿಗೆ ಕಣಿವೆಯ ಚಳಿ. ಗಾಡಿ ಹೊರಟು ಏರು ಬಂದಾಗ ಎಂಜಿನ್ ದಮ್ಮು ಕಟ್ಟಿ ಎಳೆಯಿತು. ಅವಳು ಕಾಲಡಿಯ ತಗಡಿನ ನಡುಕವನ್ನು ಪಾದದಿಂದಲೇ ಎಣಿಸಿದಳು.

“ಎಡಗಡೆ,” ಎಂದಳು. “ದೋಷ ಎಡಗಡೆ ಇದೆ.”

ಮಧ್ಯಾಹ್ನ ಫಿಟ್ಟರ್ ಗೊಣಗುತ್ತಲೇ ಎಂಜಿನ್ನಿನ ಕೆಳಗೆ ತೂರಿದ. ಹೊರಬಂದಾಗ ಅವನ ದನಿ ಇಳಿದಿತ್ತು. ಎಡಗಡೆಯ ಉಗಿ ಕವಾಟದ ಸರಳು ಜಾಗ ಬಿಟ್ಟು ಬೆರಳಗಲ ಸರಿದಿತ್ತು, ನಟ್ಟು ಸಡಿಲವಾಗಿತ್ತು. ಹಸಿರು ಎಂಜಿನ್ ಅವತ್ತು ಮತ್ತೆ ಓಡಲಿಲ್ಲ.

“ಹಸಿರು ಎಂಜಿನ್ನಿನ ಫೋಟೋಗೆ ಕಾದು ನಿಂತವರೆಲ್ಲ ನಿನ್ನನ್ನೇ ದುರುಗುಟ್ಟಿ ನೋಡ್ತಿದಾರೆ,” ಎಂದಳು ಹಿಲ್ಡಾ.

“ನೋಡ್ಲಿ ಬಿಡು, ನಂಗೇನು ಕಾಣುತ್ತಾ?”

ಭಾನುವಾರ ಪ್ರಾರ್ಥನೆ ತಪ್ಪಿಸಿ ಬರೋಣವೆಂದು ಹಟ ಹಿಡಿದವಳು ವಿನಿಫ್ರೆಡ್. ಮೊದಲ ಗಾಡಿಯೇ ರಿಪೇರಿಯಾದ ಹಸಿರು ಎಂಜಿನ್‌ನದು. ಅದು ಹೊರಟು ತಿರುವು ದಾಟುವವರೆಗೂ ಅವಳು ಉಸಿರೆಣಿಸಿದಳು: ನಾಲ್ಕೂ ಒಂದೇ ತೂಕ. ಕೆನ್ನೆ ಬೆಚ್ಚಗಾಯಿತು, ಗಿರಣಿ ಬಿಟ್ಟ ಮೇಲೆ ಇಷ್ಟು ಹಿಗ್ಗು ಬಂದದ್ದು ನೆನಪಿರಲಿಲ್ಲ.

ಅಷ್ಟರಲ್ಲಿ ದೂರದಲ್ಲೆಲ್ಲೋ ಮತ್ತೊಂದು ಬಂಡಿ ಸೀಟಿ ಹಾಕಿತು.

“ಹಿಲ್ಡಾ,” ಎಂದಳು ಅವಳು, “ಅದ್ರಲ್ಲಿ ಎರಡು ದನಿ ಯಾಕೆ ಬರುತ್ತೆ? ಯಾರನ್ನ ಕೇಳ್ಬೇಕು?”