ತಮ್ಮನಲ್ಲೊಂದು ಅಕ್ಷರ

ಲಿಫ್ಟ್ ರಿಪೇರಿಯವರ ತಂಡದಲ್ಲಿ ತಮ್ಮನಿಗೆ ಪಾದರಸ ಅಂತಲೇ ಹೆಸರು. ಕೂತಲ್ಲಿ ಕೂರುವ ಜಾಯಮಾನವೇ ಅಲ್ಲ. ಊಟದ ಡಬ್ಬಿಯನ್ನೂ ನಿಂತೇ ಖಾಲಿ ಮಾಡುತ್ತಿದ್ದ. ಅಕ್ಕ ಇದಕ್ಕೆ ತದ್ವಿರುದ್ಧ. ಅಚ್ಚುಕೂಟದಲ್ಲಿ ಕರಡು ತಿದ್ದುವವಳು, ಒಂದು ಪುಟದ ಮುಂದೆ ಗಂಟೆಗಟ್ಟಲೆ ಕೂರಬಲ್ಲವಳು. ಈಗ ಎರಡು ತಿಂಗಳಿಂದ ಅದೂ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಖಿನ್ನತೆ ಅವಳನ್ನು ಕೆಡವಿದ್ದು ಇದು ಮೂರನೇ ಸಲ.

"ಅವಳು ನಿಮ್ಮಪ್ಪನ ಪಡಿಯಚ್ಚು, ನೀನು ನನ್ನ ಕಡೆಯವನು" ಎಂದು ಅಮ್ಮ ಬದುಕಿದ್ದಷ್ಟು ದಿನ ಹೇಳುತ್ತಿದ್ದಳು. ಅಪ್ಪನೂ ವಾರಗಟ್ಟಲೆ ಮಾತು ಬಿಟ್ಟು ಮಲಗುತ್ತಿದ್ದವನೇ. ತಮ್ಮನಂತೂ ಅಮ್ಮನ ಮಾತನ್ನು ಕಣ್ಣು ಮುಚ್ಚಿ ನಂಬಿದ್ದ. ಅದಕ್ಕೇ ದಿನಾ ಸಂಜೆ ಅಕ್ಕನ ಮನೆಗೆ ನುಗ್ಗಿ, ಕಿಟಕಿ ತೆರೆದು, "ಏಳು, ಒಂದು ಸುತ್ತು ನಡೆದು ಬಾ, ಎಲ್ಲ ಸರಿಹೋಗುತ್ತೆ" ಎಂದು ಉಪದೇಶ ಮಾಡಿ ಹೊರಡುತ್ತಿದ್ದ.

ಅಕ್ಕನ ಡಾಕ್ಟರು ಒಂದು ಅಧ್ಯಯನ ಮಾಡುತ್ತಿದ್ದರು. ಖಿನ್ನತೆ ಇರುವವರ ಮತ್ತು ಅವರ ಒಡಹುಟ್ಟಿದವರ ಜೀನ್‌ಗಳನ್ನು ಓದುವುದು, ಭಾವನೆಗಳಿಗೆ ಅವರ ಮಿದುಳು ಹೇಗೆ ಓಗೊಡುತ್ತದೆ ಎಂದು ನೋಡುವುದು. ಇಬ್ಬರೂ ಒಪ್ಪಿದರು. ಅರ್ಜಿಯ ಕೊನೆಗೊಂದು ಪ್ರಶ್ನೆ: ನಿಮ್ಮ ಫಲಿತಾಂಶ ನಿಮಗೆ ತಿಳಿಯಬೇಕೆ? ಅಕ್ಕ ಬೇಡ ಎಂದು ಬರೆದಳು. ತಮ್ಮ ಬೇಕು ಎಂದ. ಗಟ್ಟಿಮುಟ್ಟಾದವನಿಗೆ ಎಂಥ ಹೆದರಿಕೆ?

ಸ್ಕ್ಯಾನಿಂಗ್ ಯಂತ್ರದೊಳಗೆ ಮಿಸುಕಾಡದೆ ಮಲಗುವುದು ಅವನಿಗೆ ಪ್ರಾಣಸಂಕಟ. ಕಣ್ಣ ಮೇಲಿನ ಕನ್ನಡಿಯಲ್ಲಿ ಮುಖಗಳು ಬಂದು ಹೋದವು: ನಗುವವು, ಸಿಟ್ಟಾದವು, ಬೆದರಿದವು. ಗಂಡಸಾದರೆ ಎಡಗುಂಡಿ, ಹೆಂಗಸಾದರೆ ಬಲಗುಂಡಿ ಒತ್ತಬೇಕು. ಬೆದರಿದ ಮುಖ ಬಂದಾಗಲೆಲ್ಲ ಅವನ ಬೆರಳು ತಡವರಿಸಿತು.

ತಿಂಗಳಾದ ಮೇಲೆ ಡಾಕ್ಟರು ಕರೆದರು. "ಜೀನ್ ಅಂದ್ರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದ ಸಾಲು. ನಿಮ್ಮ ಒಂದು ಜೀನ್‌ನಲ್ಲಿ ಒಂದು ಅಕ್ಷರ ಬೇರೆ ಇದೆ. ನಮ್ಮ ಅಧ್ಯಯನದಲ್ಲಿ ಇದು ಇರುವವರಿಗೆ ಬೆದರಿದ ಮುಖ ಕಂಡರೆ ಮಿದುಳೊಳಗಿನ ಬಾದಾಮಿಯಷ್ಟು ಭಾಗವೊಂದು ಹೆಚ್ಚು ಕೆರಳುತ್ತೆ. ನಿಮ್ಮದೂ ಕೆರಳಿತು."

"ಹಾಗಾದ್ರೆ ನಾನೂ ಮಲಗಿಬಿಡ್ತೀನಾ?"

"ಒಂದು ಅಕ್ಷರ ಹಣೆಬರಹ ಅಲ್ಲ. ಇಂಥವು ನೂರಾರಿವೆ, ಒಂದೊಂದರ ಪಾಲೂ ಚೂರೇ ಚೂರು. ಬದುಕಿನ ಪೆಟ್ಟುಗಳೂ ಸೇರಬೇಕು. ಇದನ್ನಿಟ್ಟುಕೊಂಡು ಆರಾಮಾಗಿರೋರೇ ಜಾಸ್ತಿ."

ಅವನ ಕಿವಿಗೆ ಅರ್ಧವೂ ಇಳಿಯಲಿಲ್ಲ. ಅಂದಿನಿಂದ ಬೆಳಗ್ಗೆ ಎದ್ದ ಕೂಡಲೇ ತನ್ನನ್ನೇ ತಡವಿ ನೋಡಿಕೊಳ್ಳುವುದು ಶುರುವಾಯಿತು. ಆಕಳಿಕೆ ಬಂದರೆ ಅನುಮಾನ, ಊಟ ಸೇರದಿದ್ದರೆ ಅನುಮಾನ. ಅಕ್ಕನ ಮನೆಯ ದಾರಿಯನ್ನೇ ತಪ್ಪಿಸಿಕೊಂಡು ತಿರುಗಿದ.

ಹತ್ತನೇ ದಿನ, ಒಂದು ಕಚೇರಿಯ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತು. ಮೆಟ್ಟಿಲು ಹಾರಿ ಹತ್ತಿ, ಬಾಗಿಲನ್ನು ನಾಲ್ಕು ಬೆರಳಷ್ಟು ಸರಿಸಿದ. ಒಳಗೊಬ್ಬ ಹೆಂಗಸು, ಕಣ್ಣು ಅಗಲಿಸಿ ನೋಡುತ್ತಿದ್ದಾಳೆ. ಅವನ ಎದೆ ಧಸಕ್ಕೆಂದಿತು. ಯಾವಾಗಲೂ ಹೀಗೇ ಆಗುತ್ತಿತ್ತು; ಇಷ್ಟು ವರ್ಷ ಅದನ್ನು ಮೆಟ್ಟಿಲು ಹತ್ತಿದ ಏದುಸಿರು ಅಂದುಕೊಂಡಿದ್ದ. "ನಾನಿಲ್ಲೇ ಇದ್ದೀನಮ್ಮ, ಹತ್ತೇ ನಿಮಿಷ" ಎಂದು ಮಾತಾಡಿಸುತ್ತಲೇ ಅವಳನ್ನು ಇಳಿಸಿದ. ಅಲ್ಲಿಂದ ನೆಟ್ಟಗೆ ಅಕ್ಕನ ಮನೆಗೆ ಹೋದ.

ಕಿಟಕಿಯ ತಂಟೆಗೆ ಹೋಗಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದ. ಅಕ್ಕ ನಿಧಾನವಾಗಿ ಇತ್ತ ಹೊರಳಿದಳು.

"ನಿನಗೂನಾ?"

"ಹೂಂ."

"ಮತ್ತೆ ಇಷ್ಟು ವರ್ಷ ನನ್ನ ತಲೆ ಕೊರೆದಿದ್ದು ಯಾವ ಬಾಯಲ್ಲಿ?"

ಅವಳು ಮೊಣಕೈಯೂರಿ ಅರ್ಧ ಎದ್ದಳು.

"ನಾನು ಸೋಮಾರಿ ಅಂತ ನೀನು ಅಂದುಕೊಂಡಿದ್ದೆ ತಾನೆ?"

"ಅಂದುಕೊಂಡಿದ್ದೆ. ತಪ್ಪಾಯ್ತಕ್ಕ."

"ನನ್ನ ಬಗ್ಗೆ ನಾನೂ ಹಾಗೇ ಅಂದುಕೊಂಡಿದ್ದೆ" ಎಂದಳು. ಆಮೇಲೆ, "ಈ ಮಾತ್ರೆ ನನಗೆ ಹಿಡೀತಿಲ್ಲ. ಡಾಕ್ಟರಿಗೆ ಹೇಳ್ಬೇಕು. ನಾಳೆ ಜೊತೆಗೆ ಬಾ. ಆದ್ರೆ ದಾರೀಲಿ ಪಿಟಕ್ ಅನ್ನಬಾರದು."

ಪಿಟಕ್ ಅನ್ನದೆ ಹೋದ. ಡಾಕ್ಟರು ಮಾತ್ರೆ ಬದಲಿಸಿದರು, ತಾಳ್ಮೆ ಬೇಕು ಎಂದರು. ಆರನೇ ವಾರಕ್ಕೆ ಅಕ್ಕ ಅರ್ಧ ದಿನದ ಮಟ್ಟಿಗೆ ಅಚ್ಚುಕೂಟಕ್ಕೆ ಹೊರಟಳು. ತಮ್ಮನೂ ತನ್ನ ದಿಗಿಲನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿಕೊಂಡ. ಪೂರ್ತಿ ಹೋಗಿಲ್ಲ. ಕೆಲವು ದಿನ ಬೆಳಗ್ಗೆ ಈಗಲೂ ಹಾಸಿಗೆಯಲ್ಲೇ ಒಂದು ಗಳಿಗೆ ಕಾದು, ಏಳುತ್ತೇನೋ ಇಲ್ಲವೋ ಎಂದು ನೋಡಿಕೊಂಡು, ಏಳುತ್ತಾನೆ.