ಅರ್ಧಕ್ಕೆ ಮುಚ್ಚಿದ ಪಾಠ

ಫ್ಯಾನಿನ ಗಾಳಿಗೆ ಹಾಳೆ ಏಳುತ್ತಿದೆ, ದಯಾಮಣಿ ಬೆರಳೂರಿ ಹಿಡಿದಳು, ಹಲಸೂರಿನ ಈ ಚರ್ಚಿನಲ್ಲಿ ಹತ್ತು ವರ್ಷದಿಂದ ಬೈಬಲ್ ಪಾಠ ಓದುವವಳು ಅವಳೇ — ಇವತ್ತಿನ ಪಾಠ ಹುಟ್ಟುಕುರುಡನದು, ಮೂರನೇ ಬೆಂಚಿನಲ್ಲಿ ಸುಭದ್ರಮ್ಮ, ಅವಳ ತೊಡೆಯ ಮೇಲೆ ಹುಟ್ಟಿದಂದಿನಿಂದ ಕಣ್ಣು ಕಾಣದ ಐದು ವರ್ಷದ ರಮ್ಯ, ಬೇರೆ ಯಾರಿಗಾದರೂ ಓದಲು ಕೊಡಬಹುದಿತ್ತು, ಹೆಸರು ಹೋಗಿಬಿಡುತ್ತಲ್ಲ, ಹೆಸರಂತೆ ಹೆಸರು, ಹೋದ ತಿಂಗಳು ಜೋಗುಪಾಳ್ಯದ ಸುಭದ್ರಮ್ಮನ ಒಂಟಿ ಕೋಣೆಗೆ ಮನೆಪ್ರಾರ್ಥನೆಗೆ ಹೋದಾಗಲೂ ಇದೇ ಹುಚ್ಚು, ದಯಾಮಣಿ ಅಕ್ಕ ಪ್ರಾರ್ಥಿಸಿದರೆ ಕಲ್ಲೂ ಕರಗುತ್ತದೆ ಅಂತ, ಎರಡು ಸಾವಿರನೇ ಇಸವಿಗೆ ಲೋಕ ಮುಗಿಯುತ್ತದೆ, ಉಳಿದಿರುವುದು ಎಂಟೇ ತಿಂಗಳು, ಅಷ್ಟರಲ್ಲಿ ಎಲ್ಲರೂ ಪಾಪ ತೊಳೆದುಕೊಳ್ಳಲಿ ಅಂತ ಮನೆ ಮನೆ ಸುತ್ತಿದರು ಚರ್ಚಿನ ಹೆಂಗಸರು. ಅವತ್ತೂ ಇದನ್ನೇ ಓದಿದಳು, ಇವನು ಹೀಗೆ ಹುಟ್ಟಿದ್ದು ಯಾರ ಪಾಪಕ್ಕೆ, ಇವನದೋ ಹೆತ್ತವರದೋ ಅಂತ ಶಿಷ್ಯರು ಕೇಳುವವರೆಗೆ ಓದಿ ಪುಸ್ತಕ ಮುಚ್ಚಿದಳು — ಯೇಸುವಿನ ಉತ್ತರ ಮುಂದಿನ ಸಾಲಿನಲ್ಲೇ ಇತ್ತು, ಅವಳಿಗೆ ಬಾಯಿಪಾಠ, ಓದಿದ್ದರೆ ಪಾಪ ಒಪ್ಪಿಕೊಳ್ಳುವವರು ಯಾರು — ಮುಚ್ಚಿಟ್ಟಿದ್ದು ಹೇಳ್ಬಿಡಮ್ಮ, ಮಗೂಗೆ ಕಣ್ಣು ಬರುತ್ತೆ, ಎಂದಳು ಸುಭದ್ರಮ್ಮನಿಗೆ. ಬೀದರಿನಿಂದ ಗಾರೆ ಕೆಲಸಕ್ಕೆ ಬಂದವಳು, ಇರುವೆಯನ್ನೂ ನೋಯಿಸದವಳು, ಪಾಪ ಹುಡುಕಿ ಹುಡುಕಿ ಸುಸ್ತಾಗಿ ಕಡೆಗೆ, ಹೊಟ್ಟ್ಯಾಗ ಇದ್ದಾಗ ಈ ಕೂಸು ಬ್ಯಾಡ ಅಂತ ಅತ್ತಿದ್ದೆ ರೀ ಅಕ್ಕಾ, ಎಂದಳು, ಹೆಂಗಸರೆಲ್ಲ ದೇವರಿಗೆ ಸ್ತೋತ್ರ ಎಂದರು, ದಯಾಮಣಿ ಎಲ್ಲರಿಗಿಂತ ಜೋರಾಗಿ, ನಿದ್ದೆ ಹೋಗಿದೆ ಅಂದುಕೊಂಡಿದ್ದ ಮಗು ಚಾಪೆಯಿಂದಲೇ, ಅವ್ವಾ, ನಾ ನಿನಗ ಬ್ಯಾಡಾಗಿದ್ನೇನು — ಹೆಂಗಸರು ಚಪ್ಪಲಿ ಮೆಟ್ಟಿ ಹೊರಟರು, ಒಳ್ಳೆ ಪ್ರಾರ್ಥನೆ ಅಕ್ಕ ಅಂತ ದಾರಿಯಲ್ಲಿ ಯಾರೋ ಅಂದಾಗ ನಕ್ಕಳಲ್ಲ ದಯಾಮಣಿ, ನಾಚಿಕೆಗೆಟ್ಟವಳು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಇವತ್ತು ಪೂರ್ತಿ ಓದಬೇಕು, ಉತ್ತರ ಸುಭದ್ರಮ್ಮನ ಕಿವಿಗೆ ಬೀಳಲಿ, ಮಗುವಿನ ಕಿವಿಗೂ, ಅಷ್ಟಕ್ಕೇ ತನ್ನದೆಲ್ಲ ತೊಳೆದುಹೋಗುತ್ತದೆಯೇ, ಕಳ್ಳಿಯ ಆಸೆ ನೋಡು — ಓದುತ್ತಾಳೆ, ಯಾರ ಪಾಪಕ್ಕೆ ಎಂಬ ಮಾತು ಬಂದದ್ದೇ ತಡ ಸುಭದ್ರಮ್ಮ ಎರಡೂ ಅಂಗೈಯಿಂದ ಮಗುವಿನ ಕಿವಿ ಮುಚ್ಚಿದಳು, ಸಿಮೆಂಟಿಗೆ ಬಿರಿದ ಅಂಗೈ, ಇವನದೂ ಅಲ್ಲ ಹೆತ್ತವರದೂ ಅಲ್ಲ ಅಂದರು ಯೇಸು, ದಯಾಮಣಿ ಜೋರಾಗಿ ಓದಿದಳು, ಇನ್ನೊಮ್ಮೆ ಓದಿದಳು, ಸಭೆ ತಲೆಯೆತ್ತಿ ನೋಡಿತು, ಅಲ್ಲ ಕಣಮ್ಮ, ಅಲ್ಲ, ಕೈ ತೆಗಿ — ಆ ಅಂಗೈಗಳು ಕಿವಿಯ ಮೇಲೆ, ಇನ್ನೂ ಕಿವಿಯ ಮೇಲೆ.